ಸಾಮಾಜಿಕ ಜಾಲತಾಣ ತೊರೆಯುವ ಕಾರಣವನ್ನು ಸ್ವಭಾವವೇ ನಿರ್ಧರಿಸುತ್ತದೆಯೇ?

ಪರ: ಸುದ್ದಿ ಒಂದೇ, ನಿರ್ಧಾರ ಬೇರೆ ಬೇರೆ

2018ರ ಮಾರ್ಚ್‌ನಲ್ಲಿ ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಹಗರಣ ಬಯಲಾಯಿತು. ಸುಮಾರು 8.7 ಕೋಟಿ ಬಳಕೆದಾರರ ಮಾಹಿತಿ ಅವರ ಅರಿವಿಲ್ಲದೆ ಪರರ ಕೈ ಸೇರಿರಬಹುದೆಂದು ಫೇಸ್‌ಬುಕ್ ಒಪ್ಪಿಕೊಂಡಿತು. ಅದರಲ್ಲಿ ಭಾರತೀಯರ ಪಾಲು 5.62 ಲಕ್ಷದಷ್ಟಿತ್ತು. ಆ ಮಾಹಿತಿಯನ್ನು ಸಂಗ್ರಹಿಸಿದ್ದು ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಎಂಬುದನ್ನು ಈ ಚರ್ಚೆಯಲ್ಲಿ ಮರೆಯಬಾರದು, ಏಕೆಂದರೆ ಮನುಷ್ಯನ ಸ್ವಭಾವ ತಿಳಿದರೆ ಅವನ ಮುಂದಿನ ನಡೆಯೂ ತಿಳಿಯುತ್ತದೆಂದು ನಂಬಿದವರೇ ಆ ವ್ಯವಹಾರದ ಹಿಂದಿದ್ದರು. ಸುದ್ದಿಯನ್ನು ಓದಿದವರು ಅಸಂಖ್ಯ, ಖಾತೆ ಅಳಿಸಿದವರು ಕೆಲವರು. ಉಳಿದವರಿಗೆ ಸುದ್ದಿ ತಲುಪಲಿಲ್ಲವೆಂದು ಯಾರೂ ಹೇಳಲಾರರು. ಸುದ್ದಿ ಒಂದೇ ಆಗಿರುವಾಗ ನಿರ್ಧಾರ ಬೇರೆಯಾದರೆ, ಆ ವ್ಯತ್ಯಾಸದ ಮೂಲವನ್ನು ಓದುಗರೊಳಗೇ ಹುಡುಕಬೇಕು.

2021ರ ಜನವರಿಯಲ್ಲಿಯೂ ಇದೇ ಆಯಿತು. ವಾಟ್ಸ್‌ಆ್ಯಪ್ ತನ್ನ ಹೊಸ ಗೋಪ್ಯತಾ ನಿಯಮಗಳ ಸೂಚನೆಯನ್ನು ಹೊರಡಿಸಿದಾಗ ಒಂದೇ ಮನೆಯ ಗ್ರೂಪಿನಲ್ಲಿ ಒಬ್ಬರು ನಿಯಮಗಳನ್ನು ಸಾಲುಸಾಲಾಗಿ ಓದಿ ಇನ್ನೊಂದು ಸಂದೇಶ ಆ್ಯಪ್ ಆದ ಸಿಗ್ನಲ್‌ಗೆ ಹೋದರು, ಇನ್ನೊಬ್ಬರು ಓದದೆಯೇ ಒಪ್ಪಿಗೆ ಒತ್ತಿದರು, ಮತ್ತೊಬ್ಬರು ಗಾಬರಿಯಿಂದ ಹೊರಬಿದ್ದು ಒಂದೆರಡು ವಾರದಲ್ಲಿ ಸದ್ದಿಲ್ಲದೆ ಮರಳಿದರು. ಸುದ್ದಿ ಒಂದೇ, ನಿರ್ಧಾರ ಮೂರು.

ಮನೋವಿಜ್ಞಾನಿಗಳು ಸ್ವಭಾವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ: ಹೊಸತಿಗೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಸೌಹಾರ್ದ ಮತ್ತು ಬೇಗ ಕಳವಳಗೊಳ್ಳುವ ಪ್ರವೃತ್ತಿ. ಶಿಸ್ತಿನವರು ಹೊತ್ತು ಹಾಳಾಯಿತೆಂದು ಬಿಡುತ್ತಾರೆ, ಕಳವಳದವರು ಪರರ ಸುಖದ ಚಿತ್ರಗಳನ್ನು ನೋಡಿ ನೋಡಿ ಕುಗ್ಗಿ ಬಿಡುತ್ತಾರೆ, ಸೌಹಾರ್ದಪ್ರಿಯರು ಚುನಾವಣೆಯ ಕಾಲದ ಬೈಗುಳ ತಾಳಲಾರದೆ ಬಿಡುತ್ತಾರೆ, ಬಹಿರ್ಮುಖಿಗಳೋ ಸ್ನೇಹಿತರ ಗದ್ದಲ ಬೇರೆಡೆಗೆ ಸರಿದದ್ದರಿಂದ ಬಿಡುತ್ತಾರೆ. ಇದು ಬರಿಯ ಊಹೆಯಲ್ಲ. ವಿಯೆನ್ನಾದ ಸ್ಟೀಫನ್ ಸ್ಟೀಗರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಫೇಸ್‌ಬುಕ್ ತೊರೆದ 310 ಮಂದಿಯನ್ನು, ಅದನ್ನು ಬಳಸುತ್ತಲೇ ಇದ್ದ 321 ಮಂದಿಯೊಡನೆ ಹೋಲಿಸಿ, ತೊರೆದವರಲ್ಲಿ ಶಿಸ್ತಿನ ಗುಣವೂ ಗೋಪ್ಯತೆಯ ಎಚ್ಚರವೂ ಹೆಚ್ಚಾಗಿರುವುದನ್ನು ಕಂಡಿತು. ಅಂತರ್ಜಾಲದ ಚಟವನ್ನು ಅಳೆಯುವ ಪ್ರಶ್ನೆಗಳಲ್ಲಿ ಹೆಚ್ಚು ಅಂಕ ಪಡೆದವರೂ ಅವರೇ ಎಂಬುದು ಇನ್ನೂ ಕುತೂಹಲಕರ: ತನ್ನ ಚಟವನ್ನು ತಾನೇ ಕಂಡು ಬೆಚ್ಚಿ ಕಡಿದುಹಾಕುವುದು ಎಲ್ಲರ ಸ್ವಭಾವಕ್ಕೂ ಒಗ್ಗುವ ಕೆಲಸವಲ್ಲ.

ಈ ತಿಳಿವು ನಮಗೆ ಹೊರಗಿನಿಂದಲೇ ಬರಬೇಕಾಗಿಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಗುಣಕ್ಕನುಸಾರವಾಗಿ ವಿಂಗಡಿಸುತ್ತದೆ: ಮೋಹದಿಂದ ಬಿಡುವುದು ತಾಮಸ, ದೇಹಕ್ಕೆ ಕಷ್ಟವೆಂಬ ಭಯದಿಂದ ಬಿಡುವುದು ರಾಜಸ, ಆಸಕ್ತಿಯನ್ನೂ ಫಲವನ್ನೂ ಬಿಟ್ಟು ಕರ್ತವ್ಯದಲ್ಲಿ ನಿಲ್ಲುವುದು ಸಾತ್ತ್ವಿಕ. ಅಲ್ಲಿಯ ಮಾತು ಕರ್ಮದ ಕುರಿತಾದದ್ದು, ನಿಜ; ಆದರೆ ಬಿಡುವ ಕ್ರಿಯೆಗಿಂತ ಬಿಡುವವನ ಗುಣವನ್ನು ನೋಡಬೇಕೆಂಬ ದೃಷ್ಟಿ ನಮ್ಮ ಪ್ರಶ್ನೆಗೂ ಸಲ್ಲುತ್ತದೆ.

ಎಲ್ಲರೂ ಬಿಟ್ಟರೆಂದು ತಾವೂ ಬಿಟ್ಟವರಿದ್ದಾರಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ. ಹಿಂಡಿನೊಡನೆ ಹೋಗುವುದೂ ಒಂದು ಸ್ವಭಾವವೇ.

ವಿರೋಧ: ಬಾಗಿಲು ತೆಗೆದವರು ಯಾರು?

ನನಗೆ ವಿರೋಧದ ಬದಿಯನ್ನು ವಹಿಸಲಾಗಿದೆ. ಸ್ವಭಾವಕ್ಕೆ ಯಾವ ಪಾತ್ರವೂ ಇಲ್ಲವೆಂದು ನಾನು ಎದೆತಟ್ಟಿ ಹೇಳಲಾರೆ; ಆದರೂ ಹಿಂಡಿನೊಡನೆ ಹೋಗುವುದನ್ನೂ ಒಂಟಿಯಾಗಿ ಹೋಗುವುದನ್ನೂ ಸ್ವಭಾವವೆಂದೇ ಎಣಿಸುವ ವಾದವನ್ನು ಸೋಲಿಸುವ ದಾರಿ ಯಾವುದೆಂದು ಕೇಳಲೇಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಗೆ ಅಂಕಿಅಂಶಗಳ ಅಂಗಿ ತೊಡಿಸಿದಂತಿದೆ ಅದು.

ಆರ್ಕುಟ್ ಎಂಬ ಹಳೆಯ ಜಾಲತಾಣ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಆದರೆ ನಮ್ಮವರು ಅದಕ್ಕೂ ಮೊದಲೇ ಫೇಸ್‌ಬುಕ್ ಸೇರಿದ್ದರು; ಸಂಕೋಚದವರೂ ಹೋದರು, ವಾಚಾಳಿಗಳೂ ಹೋದರು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಯಾರ ಸ್ವಭಾವವನ್ನೂ ಕೇಳಲಿಲ್ಲ. ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ 1968ರಷ್ಟು ಹಿಂದೆಯೇ, ಸ್ವಭಾವದ ಅಳತೆಗೂ ಒಂದು ಸಂದರ್ಭದಲ್ಲಿಯ ನಡವಳಿಕೆಗೂ ಇರುವ ಸಹಸಂಬಂಧ (ಪೂರ್ಣ ಹೊಂದಾಣಿಕೆಯಿದ್ದರೆ 1) 0.30ನ್ನು ದಾಟುವುದು ಅಪರೂಪವೆಂದು ಎತ್ತಿ ತೋರಿಸಿದ್ದರು. ಇಷ್ಟು ಹೇಳಿದರೆ ನನ್ನ ಕರ್ತವ್ಯ ಮುಗಿಯಿತು.

ಆದರೆ ಈ ವಿಷಯ ಬಂದಾಗಲೆಲ್ಲ ನನ್ನ ಚಿಕ್ಕಮ್ಮನ ಮಗಳು ನೆನಪಾಗುತ್ತಾಳೆ. ಮದುವೆಮನೆಯಲ್ಲಿ ಎಲ್ಲರನ್ನೂ ಮಾತಾಡಿಸದೆ ಊಟಕ್ಕೆ ಕೂರದ ಹುಡುಗಿ. ಇನ್‌ಸ್ಟಾಗ್ರಾಮ್‌ನಲ್ಲಿ ಅವಳ ರಂಗೋಲಿಗಳನ್ನು ಕಾಯುವವರೇ ಒಂದು ಊರಿನಷ್ಟಿದ್ದರು. ಐದು ಗುಣಗಳ ಯಾವ ಪರೀಕ್ಷೆ ಮಾಡಿದ್ದರೂ ಅವಳು ಖಾತೆ ಮುಚ್ಚುವವಳಲ್ಲವೆಂದೇ ಬರುತ್ತಿತ್ತು. ಮದುವೆಯಾದ ಮೇಲೆ ಅತ್ತೆಮನೆಯವರೂ ಅವಳ ಪುಟವನ್ನು ನೋಡತೊಡಗಿದರು. ಮೊದಲು ಯಾರೂ ಏನೂ ಅನ್ನಲಿಲ್ಲ. ಆಮೇಲೆ, ಆ ಕಮೆಂಟು ಹಾಕಿದ ಹುಡುಗ ಯಾರು ಎಂಬ ಪ್ರಶ್ನೆ ಊಟದ ಹೊತ್ತಿನಲ್ಲಿ ಬಂತು. ಅದಾದ ಮೇಲೆ, ತವರಿಗೆ ಹೋದಾಗಷ್ಟೇ ನಗುವ ಫೋಟೊ ಏಕೆ ಎಂಬ ಪ್ರಶ್ನೆ ಬಂತು. ಒಂದು ದಿನ ಅವಳ ಪುಟವೇ ಇರಲಿಲ್ಲ. ನಾನು ಕೇಳಿದಾಗ, ‘ಅಕ್ಕಾ, ಬೋರ್ ಆಯ್ತು ಕಣೇ, ಟೈಮ್ ವೇಸ್ಟು’ ಎಂದಳು. ರಂಗೋಲಿಗಳನ್ನು ಈಗಲೂ ಬಿಡಿಸುತ್ತಾಳೆ, ಚಿತ್ರಗಳನ್ನು ನನಗೊಬ್ಬಳಿಗೇ ಕಳಿಸುತ್ತಾಳೆ.

ಸಂಶೋಧಕರು ಅವಳ ಮುಂದೆ ಪ್ರಶ್ನಾವಳಿ ಇಟ್ಟರೆ ‘ಸಮಯ ವ್ಯರ್ಥ’ ಎಂಬ ಕಡೆಗೇ ಅವಳು ಗುರುತು ಹಾಕುತ್ತಾಳೆ, ಮತ್ತು ಶಿಸ್ತಿನವರು ಹೊತ್ತು ಹಾಳಾಯಿತೆಂದು ಬಿಡುತ್ತಾರೆಂಬ ಸಿದ್ಧಾಂತಕ್ಕೆ ಇನ್ನೊಂದು ಪುರಾವೆ ಸಿಕ್ಕಂತಾಗುತ್ತದೆ. ವಿಯೆನ್ನಾದ ಅಧ್ಯಯನದಲ್ಲಿ ಬಿಟ್ಟವರ ಪೈಕಿ ಅರ್ಧಕ್ಕೆ ಸಮೀಪದಷ್ಟು ಜನ ಗೋಪ್ಯತೆಯ ಕಾರಣ ಕೊಟ್ಟರು. ಆ ಗೋಪ್ಯತೆಯನ್ನು ಅವರು ಕಂಪನಿಯಿಂದ ಕಾಯಬೇಕಾಗಿತ್ತೋ, ಮನೆಯವರಿಂದಲೋ, ಕಚೇರಿಯ ಮೇಲಧಿಕಾರಿಯಿಂದಲೋ ಎಂಬುದು ಐದು ಗುಣಗಳ ಅಂಕಗಳಿಂದ ತಿಳಿಯುವಂಥದ್ದಲ್ಲ. ಅದಕ್ಕೆ ಅವರು ಯಾರ ನಡುವೆ ಬದುಕುತ್ತಾರೆಂಬುದನ್ನು ವಿಚಾರಿಸಬೇಕು.