ಸಮುದ್ರಕ್ಕೆ ಸ್ಟೇ ತಂದವರು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಶಾಸಕರು 2012ರಲ್ಲಿ ಸಮುದ್ರಕ್ಕೇ ಸ್ಟೇ ಕೊಟ್ಟರು. ಸುಮ್ನೆ ಹೇಳ್ತಿಲ್ಲ, ಮಸೂದೆ ಮಂಡಿಸಿ ಪಾಸು ಮಾಡಿದ್ದು.

ಆಗಿದ್ದಿಷ್ಟು. ರಾಜ್ಯದ್ದೇ ವಿಜ್ಞಾನಿಗಳ ಸಮಿತಿ 2010ರಲ್ಲಿ ಒಂದು ವರದಿ ಕೊಟ್ಟಿತ್ತು. ಭೂಮಿ ಬಿಸಿಯಾಗುತ್ತಿರೋದರಿಂದ 2100ರ ಹೊತ್ತಿಗೆ ಕಡಲು 39 ಇಂಚು ಏರಬಹುದು, ಅದಕ್ಕೆ ತಕ್ಕಂತೆ ತಯಾರಾಗಿ ಅಂತ. ಕರಾವಳಿಯಲ್ಲಿ ಮನೆ, ಸೈಟು ಮಾರುವವರ ಎದೆ ಧಸಕ್ಕೆಂದಿತು. ಮುಳುಗುವ ಸೈಟನ್ನು ಯಾರು ಕೊಳ್ತಾರೆ? ನೀರು ಏರುತ್ತದೆ ಅನ್ನೋದಕ್ಕೆ ಕೆಡದ ನಿದ್ದೆ, ರೇಟು ಇಳಿಯುತ್ತದೆ ಅನ್ನೋದಕ್ಕೆ ಕೆಟ್ಟಿತು.

ಮಸೂದೆಯ ಕರಡನ್ನು ನೋಡಬೇಕು. ಕಡಲು 1900ರಿಂದ ಈಚೆಗೆ ಎಷ್ಟು ಏರಿದೆಯೋ ಆ ಲೆಕ್ಕವನ್ನಷ್ಟೇ ಹಿಡಿಯಬೇಕು. ಅದನ್ನೇ ನೇರ ಗೆರೆಯಾಗಿ ಮುಂದಕ್ಕೆ ಎಳೆಯಬೇಕು. ವೇಗ ಜಾಸ್ತಿಯಾಗುತ್ತೆ ಅಂತ ಮಾತ್ರ ಅನ್ನಬಾರದು! ಕಡಲಪ್ಪ ತನ್ನ ಅಜ್ಜನ ನಡಿಗೆಯಲ್ಲೇ ನಡೆಯಬೇಕಂತೆ. ಊರವರೆಲ್ಲ ನಕ್ಕ ಮೇಲೆ ಕಾನೂನು ಸ್ವಲ್ಪ ಮೆತ್ತಗಾಯಿತು. ಕಡಲು ಎಷ್ಟು ಏರುತ್ತದೆಂದು ಗೊತ್ತುಮಾಡಿ ನಿಯಮ ತರುವುದು 2016ರ ಜುಲೈ 1ರವರೆಗೆ ಬೇಡ ಅಂತಾಯಿತು. ಸಮಿತಿ ಮತ್ತೆ ಕೂತಿತು. ಈ ಸಲ 2100ರ ಸುದ್ದಿ ಬೇಡ, ಬರೀ 30 ವರ್ಷದ್ದು ಹೇಳಿ ಸಾಕು ಎಂದರು. ಅಲ್ಲಿ ಹೋಮ್ ಲೋನ್ ಕೂಡ ಸಾಮಾನ್ಯವಾಗಿ 30 ವರ್ಷದ್ದೇ. ಸಾಲ ತೀರಿದ ಮೇಲೆ ಮನೆ ಮುಳುಗಿದರೆ ಬ್ಯಾಂಕಿಗೇನು, ಅಲ್ವಾ?

ಇವರಿಗೆ ವಿಜ್ಞಾನ ಕಂಡರಾಗದು ಅಂದುಕೊಳ್ಳಬೇಡಿ. 1903ರಲ್ಲಿ ರೈಟ್ ಸಹೋದರರು ವಿಮಾನ ಹಾರಿಸಿದ್ದು ಇದೇ ಕರಾವಳಿಯಲ್ಲಿ. ಅದನ್ನು ಕಾರಿನ ನಂಬರ್ ಪ್ಲೇಟಿನ ಮೇಲೂ 'ಫಸ್ಟ್ ಇನ್ ಫ್ಲೈಟ್' ಅಂತ ಹಾಕಿಕೊಂಡು ಮೆರೆಯುತ್ತಾರೆ. ಮೇಲಕ್ಕೆ ಹಾರುವ ವಿಜ್ಞಾನ ನಮ್ಮದು, ಮೇಲಕ್ಕೆ ಏರುವ ನೀರಿನದು ಬೇರೆ ಯಾರದೋ.

ಇಂಥ ಜಾಣರು ಇದೊಂದೇ ರಾಜ್ಯದಲ್ಲಿಲ್ಲ. 2015ರ ಫೆಬ್ರವರಿಯಲ್ಲಿ ಓಕ್ಲಹೋಮಾದ ಸೆನೆಟರ್ ಜಿಮ್ ಇನ್ಹೋಫ್ ಪ್ಲಾಸ್ಟಿಕ್ ಕವರಿನಿಂದ ಹಿಮದ ಉಂಡೆಯೊಂದನ್ನು ತೆಗೆದು, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಸಭೆಯಲ್ಲೇ ಎಸೆದರು. ಹೊರಗೆ ಇಷ್ಟು ಚಳಿ, ಭೂಮಿ ಬಿಸಿಯಾಗುತ್ತಿರೋದು ಎಲ್ಲಿ ಅಂತ ವಾದ. ಆಗ ಅವರು ಸೆನೆಟಿನ ಪರಿಸರ ಸಮಿತಿಯ ಅಧ್ಯಕ್ಷರು. ಫ್ಲಾರಿಡಾ ಇನ್ನೂ ಜಾಣ. 2024ರಲ್ಲಿ ತನ್ನ ಕಾನೂನುಗಳ ಹಲವು ಕಡೆ 'ಹವಾಮಾನ ಬದಲಾವಣೆ' ಅನ್ನೋ ಮಾತನ್ನೇ ಅಳಿಸಿಹಾಕಿತು. ಅದರ ಹಿಂದಿನ ವರ್ಷವೇ ಫಾರ್ಮರ್ಸ್ ಅನ್ನೋ ವಿಮಾ ಕಂಪನಿ, ಅಲ್ಲಿ ತನ್ನ ಹೆಸರಿನ ಪಾಲಿಸಿ ಕೊಡೋದಿಲ್ಲ ಅಂತ ಕೈ ಮುಗಿದಿತ್ತು. ವಿಮೆಯವರು ಭಾಷಣ ಕೇಳಿ ಪ್ರೀಮಿಯಂ ಗೊತ್ತುಮಾಡಲ್ಲ ನೋಡಿ.

ಇತ್ತ ನಾರ್ತ್ ಕೆರೊಲಿನಾದ ರೊಡ್ಯಾಂತಿ ಅನ್ನೋ ಊರಿನಲ್ಲಿ, 2020ರಿಂದ ಈಚೆಗೆ, ಮರದ ಕಂಬಗಳ ಮೇಲೆ ನಿಂತಿದ್ದ ಮನೆಗಳು ಒಂದೊಂದಾಗಿ ಕಡಲಿಗೆ ಬೀಳುತ್ತಿವೆ. ಅಲ್ಲಿ ಕಡಲ್ಕೊರೆತ ಹಳೇ ಕಾಯಿಲೆ, ನಿಜ. ಏರುತ್ತಿರುವ ನೀರು ಅದಕ್ಕೆ ಕೈ ಜೋಡಿಸಿದೆ. ಹಲಗೆ, ಮೊಳೆ, ಸೆಪ್ಟಿಕ್ ಟ್ಯಾಂಕಿನ ಚೂರು ಎಲ್ಲ ಮೈಲಿಗಟ್ಟಲೆ ಮರಳಿನ ಮೇಲೆ ಹರಡುತ್ತವೆ. ಇನ್ನೂ ಒಂದು ಮಜಾ ಇದೆ. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಮನೆಗೆ 2.5 ಲಕ್ಷ ಡಾಲರ್‌ವರೆಗೆ ಕೊಡುತ್ತದೆ, ಆದರೆ ಸಾಮಾನ್ಯವಾಗಿ ಮನೆ ಬಿದ್ದ ಮೇಲೆಯೇ. ಬೀಳುವ ಮೊದಲು ಮನೆಯನ್ನು ಹಿಂದಕ್ಕೆ ಸರಿಸಿಕೊಳ್ಳೋಣ ಅಂದ್ರೆ ದುಡ್ಡು ಸ್ವಂತ ಜೇಬಿನಿಂದಲೇ ಹೋಗಬೇಕು. ಹೀಗಾಗಿ, ನೀನು ಇಷ್ಟು ಬೇಗ ಬರಕೂಡದು ಅಂತ ಸಮುದ್ರಕ್ಕೆ ತಾಕೀತು ಮಾಡಿದ ರಾಜ್ಯದಲ್ಲೇ, ಇನ್ನೂ ಯಾಕೆ ಬರಲಿಲ್ಲ ಅಂತ ದಾರಿ ಕಾಯುವ ಗತಿ ಮನೆ ಮಾಲೀಕರದು.