ಮೆಟ್ಟಿಲು ದಾರಿ ಹಗುರವಾದ ನಡಿಗೆಯಲ್ಲ

ಮೈಸೂರಿನ ಸುತ್ತಮುತ್ತಲಿನ ನಡಿಗೆಗಳ ಕುರಿತ ಲೇಖನವೊಂದರಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿಯನ್ನು ‘ಎಲ್ಲ ವಯಸ್ಸಿನವರಿಗೂ ಸುಲಭವಾದ ನಡಿಗೆ’ಗಳ ಪಟ್ಟಿಯಲ್ಲಿ ಲೇಖಕರು ಸೇರಿಸಿರುವುದನ್ನು ನಾನು ಒಪ್ಪಲಾರೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿರುವ, ಅವುಗಳ ಎತ್ತರವೂ ಒಂದೇ ಸಮನಾಗಿಲ್ಲದ ಆ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆಯೇ ನಂದಿಯ ದರ್ಶನವಾಗುವುದು. ಹತ್ತುವಾಗ ಏದುಸಿರು ಬಂದರೆ ಬಂಡೆಯ ಮೇಲೆ ಕುಳಿತು ಸುಧಾರಿಸಿಕೊಳ್ಳಬಹುದು. ಆದರೆ ಇಳಿಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರಕ್ಕೆ ಅಂಥ ಉಪಾಯವಿಲ್ಲ ಎಂಬುದನ್ನು ಅರವತ್ತು ದಾಟಿದ ಮೇಲೆ ನಾನು ಎರಡು ದಿನ ಮಲಗಿ ಕಲಿತಿದ್ದೇನೆ. ಈಗ ಹತ್ತುವುದು ಕಾಲಿನಲ್ಲಿ, ಇಳಿಯುವುದು ನಗರ ಸಾರಿಗೆ ಬಸ್ಸಿನಲ್ಲಿ. (ಚಾಮುಂಡಿ ತಾಯಿ ಇದಕ್ಕೆ ಬೇಸರಿಸಿಕೊಂಡಂತೆ ಕಾಣುವುದಿಲ್ಲ.)

ನಿಜವಾಗಿಯೂ ಹಗುರವಾದ ನಡಿಗೆ ಬೇಕಾದವರಿಗೆ ಮೈಸೂರು ನಗರದ ಕುಕ್ಕರಹಳ್ಳಿ ಕೆರೆಯ ಏರಿಯಿದೆ. ಸಮತಟ್ಟಾದ ಮಣ್ಣಿನ ದಾರಿ, ಮರಗಳ ನೆರಳು, ಚಳಿಗಾಲದಲ್ಲಾದರೆ ಹಕ್ಕಿಗಳ ಹಿಂಡು. ಬೆಟ್ಟವೇ ಆಗಬೇಕೆಂದರೆ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟವನ್ನು ನೋಡಬಹುದು. ಅಲ್ಲಿ ಮೆಟ್ಟಿಲುಗಳು ಚಾಮುಂಡಿಯ ಅರ್ಧದಷ್ಟೂ ಇಲ್ಲ. ಬೇಡವೆನಿಸಿದರೆ ವಾಹನದ ರಸ್ತೆಯಲ್ಲೇ ನಿಧಾನವಾಗಿ ನಡೆಯಬಹುದು, ಮೇಲೆ ನಿಂತರೆ ಕಾವೇರಿಯ ಬಯಲು ಹಸಿರು ಗದ್ದೆಗಳೊಂದಿಗೆ ಕಣ್ಣಿಗೆ ಬೀಳುತ್ತದೆ. ನೆರಳು ಕಡಿಮೆ ಇರುವುದರಿಂದ ಬೆಳಗ್ಗೆ ಒಂಬತ್ತರೊಳಗೆ ಇಳಿದುಬಿಡುವುದು ಒಳ್ಳೆಯದು.