ಒಂದು ಸಹಿಗೆ ಎಷ್ಟು ವರ್ಷ ಆಯಸ್ಸು?

ಅಮೆರಿಕದ ಅರಿಜೋನಾದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿ ಹವಾಸುಪೈ ಅನ್ನುವ ಜನ ಇದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. 1990ರ ನಂತರ ಸಂಶೋಧಕರು ಬಂದಾಗ, ಅದಕ್ಕೆ ಕಾರಣ ಹುಡುಕುತ್ತಾರೆ ಅಂತ ನಂಬಿ ರಕ್ತ ಕೊಟ್ಟರು. ಒಪ್ಪಿಗೆ ಪತ್ರದಲ್ಲಿ ಮಾತ್ರ ‘ನಡವಳಿಕೆಯ ಮತ್ತು ವೈದ್ಯಕೀಯ ತೊಂದರೆಗಳು’ ಅಂತ ಅಗಲವಾಗಿ ಬರೆದಿತ್ತು.

ಆ ಒಂದು ಸಾಲಿನಲ್ಲಿ ಏನೇನು ನುಸುಳಿತು ನೋಡಿ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ, ರಕ್ತಸಂಬಂಧಿಗಳ ನಡುವೆಯೇ ಹುಟ್ಟುವ ಸಂತಾನ, ಪೂರ್ವಿಕರ ವಲಸೆ. ನಾವು ಹುಟ್ಟಿದ್ದೇ ಈ ಕಣಿವೆಯಲ್ಲಿ ಅನ್ನುವವರಿಗೆ, ಅವರ ರಕ್ತವನ್ನೇ ಸಾಕ್ಷಿ ಮಾಡಿ, ನಿಮ್ಮವರು ಏಷ್ಯಾದಿಂದ ಬಂದವರು ಅಂದರು. 2003ರಲ್ಲಿ ಅದೇ ಸಮುದಾಯದ ಮಹಿಳೆಯೊಬ್ಬರು ಆ ಸಂಶೋಧಕರ ವಿಶ್ವವಿದ್ಯಾಲಯದಲ್ಲಿ ಅದೇ ರಕ್ತದ ಮೇಲಿನ ಪಿಎಚ್‌ಡಿ ಮಂಡನೆ ಕೇಳಲು ಹೋಗಿದ್ದರು. ಇದಕ್ಕೆಲ್ಲ ಅನುಮತಿ ಪಡೆದಿದ್ದೀರಾ ಅಂತ ಕೇಳಿಯೇಬಿಟ್ಟರು. ಆಗ ಹೊತ್ತಿಕೊಂಡ ಜಗಳ ಮುಗಿದಿದ್ದು 2010ರಲ್ಲಿ. 41 ಜನರಿಗೆ ಒಟ್ಟು 7 ಲಕ್ಷ ಡಾಲರ್, ಜೊತೆಗೆ ಉಳಿದ ರಕ್ತ ವಾಪಸ್.

ಸಂಶೋಧನೆಗೆ ಮೊದಲು ಒಪ್ಪಿಗೆ ಕೊಡುವ ನೈತಿಕ ಪರಿಶೀಲನಾ ಸಮಿತಿಗಳು ಸಾಮಾನ್ಯವಾಗಿ ನೋಡುವುದು ಒಬ್ಬ ವ್ಯಕ್ತಿಗೆ ಏನು ಅಪಾಯ ಅಂತ. ಸೂಜಿ ಚುಚ್ಚಿದರೆ ಸ್ವಲ್ಪ ನೋವು, ಅಷ್ಟೇ ಅಲ್ವಾ? ಇಡೀ ಜನಾಂಗದ ಹೆಸರಿಗೆ ಮೆತ್ತಿಕೊಳ್ಳುವ ಮಸಿಗೆ ಅರ್ಜಿಯಲ್ಲಿ ಜಾಗವೇ ಇರುವುದಿಲ್ಲ. ಅದಕ್ಕೇ ನಾನು ಹೇಳುವುದು, ಆ ಸಮುದಾಯದವರೇ ಪರಿಶೀಲನೆಗೆ ಕೂರಬೇಕು, ‘ಬೇಡ’ ಅನ್ನುವ ಅಧಿಕಾರವೂ ಅವರಿಗೆ ಇರಬೇಕು. ಸುಮ್ನೆ ಸಲಹೆ ಕೇಳಿ ಫೋಟೊ ತೆಗೆಸಿಕೊಂಡು ಕಳಿಸುವುದಲ್ಲ. ಅಮೆರಿಕದ ಇನ್ನೊಂದು ಮೂಲನಿವಾಸಿ ಸಮುದಾಯವಾದ ನವಾಹೊ ಜನ ತಮ್ಮದೇ ಪರಿಶೀಲನಾ ಮಂಡಳಿ ಕಟ್ಟಿಕೊಂಡಿದ್ದಾರೆ. 2002ರಲ್ಲಿ ತಮ್ಮ ನೆಲದಲ್ಲಿ ವಂಶವಾಹಿ (ಜೀನ್) ಸಂಶೋಧನೆಯನ್ನೇ ತಡೆದರು. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ಸಂಶೋಧಕರಿಗೆ ತಮ್ಮದೇ ನಿಯಮ ಬರೆದು ಕೊಟ್ಟರು. ಕಿಟಕಿಯಿಂದ ನುಗ್ಗಬೇಡಿ, ಬಾಗಿಲಿಂದ ಬನ್ನಿ ಅನ್ನುವುದು ಅವರ ಕೋರಿಕೆ.

ಇದರಿಂದ ಕೆಲಸ ತಡವಾಗುತ್ತೆ ಅಂತಾರೆ. ಆಗಲಿ ಬಿಡಿ. ನನಗೆ ಕಷ್ಟ ಅನ್ನಿಸುವ ಪ್ರಶ್ನೆ ಬೇರೆ: ಸಮುದಾಯ ಅಂದರೆ ಯಾರು? ಹಿರಿಯರು ಹೂಂ ಅಂದರೆ ಸೊಸೆಯೂ ಹೂಂ ಅಂದಂತೆಯೇ? ಖಂಡಿತ ಅಲ್ಲ. ಊರಿನ ಒಪ್ಪಿಗೆಯೂ ಬೇಕು, ತೋಳು ಚಾಚುವವರ ಒಪ್ಪಿಗೆಯೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ರಕ್ತ ಕೊಟ್ಟವರು ಸತ್ತ ಮೇಲೆ? ಅಮೆಜಾನ್ ಕಾಡಿನ ಯಾನೊಮಾಮಿ ಜನ ಸತ್ತವರದ್ದು ಏನನ್ನೂ ಉಳಿಸಿಕೊಳ್ಳುವುದಿಲ್ಲ. 1960ರ ದಶಕದಲ್ಲಿ ಅವರಿಂದ ತೆಗೆದ ರಕ್ತ ಮಾತ್ರ ಅಮೆರಿಕದ ಫ್ರೀಜರ್‌ಗಳಲ್ಲಿ ದಶಕಗಳ ಕಾಲ ಹಾಗೇ ಇತ್ತು. 2015ರಲ್ಲಿ ಬ್ರೆಜಿಲ್‌ನಲ್ಲಿರುವ ಯಾನೊಮಾಮಿ ನೆಲಕ್ಕೆ 2,000ಕ್ಕೂ ಹೆಚ್ಚು ಸೀಸೆ ವಾಪಸ್ ಬಂದವು. ಗುಂಡಿ ತೋಡಿ, ಆ ರಕ್ತವನ್ನು ಮಣ್ಣು ಮಾಡಿದರು.